ಹಾನಾ ಅನ್ನೋ ಪುಟ್ಟ ಊರಿಗಾಗಿ ರಾಜರು ಯಾಕೆ ಅಷ್ಟೊಂದು ಹೊಡೆದಾಡಿದರು?

ಭೂಪಟಪ್ರಿಯ

ನಿದ್ದೆ ಬರದಿದ್ದಾಗ ಭೂಪಟ ನೋಡುವ ಚಟ ನನ್ನದು. ಮೊನ್ನೆ ಹವಾಯಿಯ ಮೌಯಿ ದ್ವೀಪ ನೋಡುತ್ತಾ ಕೂತಿದ್ದೆ. ಎರಡು ಜ್ವಾಲಾಮುಖಿ ಪರ್ವತಗಳು ನಡುವೆ ಒಂದು ಕಿರಿದಾದ ಬಯಲಿನಿಂದ ಅಂಟಿಕೊಂಡಂತೆ ಇದೆ. ಪಶ್ಚಿಮದ್ದು ಚಿಕ್ಕದು, ಪೂರ್ವದ್ದು ದೊಡ್ಡದು. ವಿಮಾನ ನಿಲ್ದಾಣ, ಬಂದರು, ಅಂಗಡಿ ಮುಂಗಟ್ಟು ಎಲ್ಲ ನಡುವಿನ ಕಹುಲುಯಿ ಸುತ್ತ ಇವೆ. ಪೂರ್ವದ ತುತ್ತತುದಿಯಲ್ಲಿ ಮಾತ್ರ ಒಂಟಿಯಾಗಿ ಒಂದು ಹೆಸರು ಕಾಣಿಸಿತು, ಹಾನಾ.

ಕಹುಲುಯಿಯಿಂದ ಅಲ್ಲಿಗೆ ಬರೀ 84 ಕಿಲೋಮೀಟರ್, ಆದರೆ ಎಲ್ಲೂ ನಿಲ್ಲದೆ ಹೋದರೂ ಎರಡು ಗಂಟೆಗೂ ಜಾಸ್ತಿ ಬೇಕಂತೆ. ಯಾಕಪ್ಪಾ ಅಂತ ಹುಡುಕಿದರೆ ಸುಮಾರು 620 ತಿರುವು, 59 ಸೇತುವೆ, ಅದರಲ್ಲಿ 46 ಸೇತುವೆಗಳ ಮೇಲೆ ಒಂದು ಸಲಕ್ಕೆ ಒಂದೇ ಗಾಡಿ! ಇಷ್ಟೆಲ್ಲ ದಾಟಿ ಹೋದರೆ ಸಿಗುವುದು 2010ರ ಜನಗಣತಿಯಲ್ಲಿ 1,235 ಜನ ಇದ್ದ ಒಂದು ಊರು.

ಇಲ್ಲಿವರೆಗೆ ಸರಿ. ನನ್ನ ತಲೆ ಕೆಡಿಸಿದ್ದು ಆಮೇಲೆ ಓದಿದ್ದು. ಹವಾಯಿಯ ಹಳೇ ಚರಿತ್ರೆ ತೆರೆದರೆ ಹಾನಾ, ಹಾನಾ, ಹಾನಾ. ಒಬ್ಬ ರಾಜ ಹಿಡಿಯುತ್ತಾನೆ, ಇನ್ನೊಬ್ಬ ಬಿಡಿಸಿಕೊಳ್ಳುತ್ತಾನೆ, ಮತ್ತೊಬ್ಬ ಮುತ್ತಿಗೆ ಹಾಕುತ್ತಾನೆ. ಹವಾಯಿಯ ದ್ವೀಪಗಳನ್ನೆಲ್ಲ ಒಂದು ಮಾಡಿದ ರಾಜ ಕಮೇಹಮೇಹನ ಪ್ರಸಿದ್ಧ ರಾಣಿ ಹುಟ್ಟಿದ್ದೂ ಅಲ್ಲೇ. ಭೂಪಟದಲ್ಲಿ ದಾರಿ ಮುಗಿದ ಕಡೆ ಇರುವ ಇಂಥ ಒಂದು ಮೂಲೆಗಾಗಿ ಇಷ್ಟೊಂದು ರಕ್ತ ಯಾಕೆ ಹರಿಯಿತು? ಅಷ್ಟು ಮುಖ್ಯವಾಗಿದ್ದ ಜಾಗ ಈಗ ಯಾಕೆ ಹೀಗೆ ಸಣ್ಣಗೆ ಉಳಿದಿದೆ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ. ಪ್ರವಾಸದ ಜಾಹೀರಾತು ಥರದ ಉತ್ತರ ಬೇಡ, ಅದು ಬೇಕಾದಷ್ಟು ಓದಿ ಆಗಿದೆ.

ಕಡಲಕಾಗೆ

ನೀವು ಭೂಪಟವನ್ನು ಕಾರಿನಲ್ಲಿ ಕೂತು ನೋಡುತ್ತಿದ್ದೀರಿ, ಅದೇ ತೊಂದರೆ. ದೋಣಿಯಲ್ಲಿ ಕೂತು ನೋಡಿ.

ಆ ಕಾಲದಲ್ಲಿ ರಸ್ತೆ ಅಂದರೆ ಸಮುದ್ರ. ಮೌಯಿಯ ಆಗ್ನೇಯಕ್ಕೆ ಅಲೆನುಯಿಹಾಹಾ ಅನ್ನೋ ಜಲಸಂಧಿ ಇದೆ, ಸುಮಾರು 48 ಕಿಲೋಮೀಟರ್ ಅಗಲ. ಅದರ ಆಚೆ ಹವಾಯಿ ದ್ವೀಪ, ಅಂದರೆ ಈಗ ಎಲ್ಲರೂ ದೊಡ್ಡ ದ್ವೀಪ ಅಂತ ಕರೆಯುವುದು. ಆಕಾಶ ತಿಳಿಯಾಗಿದ್ದ ದಿನ ಹಾನಾ ಕಡೆಯಿಂದ ನೋಡಿದರೆ ಅಲ್ಲಿನ ಮೌನಾ ಕೆಯಾ ಶಿಖರ ಕಾಣಿಸುತ್ತದೆ. ಮೌಯಿಯ ರಾಜರು ಒಂದು ಕಡೆ, ಹವಾಯಿ ದ್ವೀಪದ ರಾಜರು ಇನ್ನೊಂದು ಕಡೆ, ನಡುವೆ ಈ ಒರಟು ನೀರು. ದಾಟಿ ಬಂದವನಿಗೆ ದೋಣಿ ಎಳೆಯೋಕೆ ಮೊದಲು ಸಿಗುವ ಒಳ್ಳೆಯ ಕೊಲ್ಲಿ ಹಾನಾ. ಹಾಗಾಗಿ ಅದು ಮೂಲೆ ಅಲ್ಲ ಸಾರ್, ಹೆಬ್ಬಾಗಿಲು. ಕಾವಲು ಕಾಯಬೇಕಾದ್ದೂ ಅಲ್ಲೇ, ಒಡೆಯಬೇಕಾದ್ದೂ ಅಲ್ಲೇ.

ಬಾಗಿಲಿಗೆ ಅಗುಳಿಯೂ ಇತ್ತು. ಹಾನಾ ಕೊಲ್ಲಿಯ ದಕ್ಷಿಣಕ್ಕೆ ಕೌಯಿಕಿ ಅಂತ ಒಂದು ಗುಡ್ಡ ಸಮುದ್ರಕ್ಕೆ ಚಾಚಿಕೊಂಡು ನಿಂತಿದೆ. ಜ್ವಾಲಾಮುಖಿ ಉಗುಳಿದ ಕೆಂಪು ಕಿಟ್ಟ ರಾಶಿ ಬಿದ್ದು ಆದ ಗುಡ್ಡ ಅದು, ಎತ್ತರ 120 ಮೀಟರ್ ಹತ್ತಿರ. ಬದಿಗಳು ಕಡಿದಾಗಿವೆ, ಮೇಲೆ ಕೂತವನಿಗೆ ಇಡೀ ಕೊಲ್ಲಿ ಕಾಣುತ್ತದೆ. ಕೋಟೆ ಕಟ್ಟುವ ಕೆಲಸವೇ ಇಲ್ಲ, ನೆಲವೇ ಕೋಟೆ.

ಇದರ ಮೇಲೆ ಒಂದು ಹಳೇ ಕಥೆ ಇದೆ, ನನಗೆ ತುಂಬಾ ಇಷ್ಟ. ಪಿಯಿಲನಿ ಅನ್ನೋ ದೊಡ್ಡ ರಾಜ ಸತ್ತ ಮೇಲೆ ಅವನ ಇಬ್ಬರು ಮಕ್ಕಳಿಗೆ ಜಗಳ ಆಯಿತು. ಕಿರಿಯವನು ಕಿಹಪಿಯಿಲನಿ. ಅವನು ಹವಾಯಿ ದ್ವೀಪಕ್ಕೆ ಓಡಿಹೋಗಿ ತನ್ನ ಅಕ್ಕನ ಗಂಡ ಉಮಿ ರಾಜನ ಸಹಾಯ ಕೇಳಿದ. ಉಮಿಯ ಸೈನ್ಯ ದೋಣಿಗಳಲ್ಲಿ ಬಂದು ಕೌಯಿಕಿಯನ್ನು ಮುತ್ತಿತು. ಗುಡ್ಡ ಹತ್ತೋಕೆ ಒಂದೇ ಏಣಿ. ಹಗಲು ಮೇಲಿನಿಂದ ಕಲ್ಲಿನ ಸುರಿಮಳೆ. ರಾತ್ರಿ ಹತ್ತೋಣ ಅಂದರೆ ಏಣಿಯ ತಲೆಯಲ್ಲಿ ಆಯುಧ ಹಿಡಿದ ರಾಕ್ಷಸಾಕಾರದ ಒಬ್ಬ ಕಾವಲುಗಾರ ನಿಂತಿರುತ್ತಿದ್ದ, ಅಲುಗಾಡುತ್ತಲೇ ಇರಲಿಲ್ಲ. ಅವನನ್ನು ನೋಡಿ ದಂಡಿಗೆ ದಂಡೇ ಹೆದರಿ ಹಿಂದೆ ಬರುತ್ತಿತ್ತಂತೆ. ಆಮೇಲೆ ಗೊತ್ತಾದದ್ದು, ಅದು ಮರದ ಬೊಂಬೆ!

ಇದು ಬಾಯಿಂದ ಬಾಯಿಗೆ ಬಂದ ಕಥೆ. ಇನ್ನು ಮುಂದಿನದ್ದು ಇಸವಿ ಹೇಳಬಹುದಾದ ಕಾಲದ್ದು. ಸುಮಾರು 1759ರಲ್ಲಿ ಹವಾಯಿ ದ್ವೀಪದ ಕಲನಿಓಪೂ ಬಂದು ಹಾನಾ ಮತ್ತು ಕೌಯಿಕಿ ಎರಡನ್ನೂ ಹಿಡಿದ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮೌಯಿಯ ಈ ತುದಿ ಪಕ್ಕದ ದ್ವೀಪದವರ ಕೈಯಲ್ಲಿತ್ತು. 1778ರ ನವೆಂಬರಿನಲ್ಲಿ ಕ್ಯಾಪ್ಟನ್ ಕುಕ್‌ನ ಹಡಗುಗಳು ಮೌಯಿಯ ಈ ತೀರದ ಆಚೆ ಸುತ್ತಾಡುತ್ತಿದ್ದಾಗ ಹಡಗು ಹತ್ತಿ ಬಂದವನು ಇದೇ ಕಲನಿಓಪೂ. ಅವನ ಜೊತೆ ಆಗಿನ್ನೂ ಯುವಕನಾಗಿದ್ದ ಕಮೇಹಮೇಹನೂ ಇದ್ದ. ಆಗ ಅವರು ಮೌಯಿಯ ರಾಜ ಕಹೆಕಿಲಿಯ ಜೊತೆ ಯುದ್ಧದ ನಡುವೆಯೇ ಇದ್ದರು.

1782ರಲ್ಲಿ ಕಲನಿಓಪೂ ತೀರಿಕೊಂಡ. ಕಹೆಕಿಲಿ ಅದಕ್ಕೇ ಕಾಯುತ್ತಿದ್ದವನ ಹಾಗೆ ಹಾನಾ ಮೇಲೆ ಬಿದ್ದ. ಗುಡ್ಡ ಹತ್ತುವ ಗೋಜಿಗೆ ಅವನು ಹೋಗಲಿಲ್ಲ. ಕೌಯಿಕಿಗೆ ನೀರು ಸಿಗುತ್ತಿದ್ದ ಒರತೆಗಳನ್ನು ಕಟ್ಟಿಸಿಬಿಟ್ಟ. ಬಾಯಾರಿಕೆಗೆ ಸೋತು ಕೋಟೆ ಬಿತ್ತು.

ಎಂಟು ವರ್ಷ ಕಳೆದು 1790ರಲ್ಲಿ ಮೌಯಿಯನ್ನು ಗೆಲ್ಲಲು ಹೊರಟ ಕಮೇಹಮೇಹ ತನ್ನ ದೋಣಿಗಳನ್ನು ಮೊದಲು ತಂದು ನಿಲ್ಲಿಸಿದ್ದು ಎಲ್ಲಿ? ಹಾನಾ ತೀರದಲ್ಲೇ. ಅಲ್ಲಿಂದ ಮುಂದೆ ಹೋಗಿ ಪಶ್ಚಿಮ ಮೌಯಿಯ ಈಯಾವೊ ಕಣಿವೆಯಲ್ಲಿ ತೋಪು ಹಾರಿಸಿ ಗೆದ್ದ. 1810ರ ಹೊತ್ತಿಗೆ ಎಲ್ಲ ದ್ವೀಪಗಳೂ ಒಬ್ಬನ ಕೈಕೆಳಗೆ ಬಂದವು. ಆಚೆ ಮನೆ ಈಚೆ ಮನೆ ಒಂದೇ ಆದ ಮೇಲೆ ನಡುವಿನ ಬಾಗಿಲಿಗೆ ಯಾರು ಕಾವಲು ಕೂರುತ್ತಾರೆ? ಹಾನಾ ಸಣ್ಣದಾಗಲು ಶುರುವಾದದ್ದು ಅಲ್ಲಿಂದ ಅಂತ ನನ್ನ ಲೆಕ್ಕ.

ರಜೆರಾಜ

ಒಂದು ಡೌಟು. 2023ರಲ್ಲಿ ಬೆಂಕಿ ಬಿದ್ದು ಊರಿಗೆ ಊರೇ ಸುಟ್ಟುಹೋಯಿತಲ್ಲ, ಅದು ಇದೇ ದ್ವೀಪ ಅಲ್ವಾ? ಅಷ್ಟು ಒಣಗಿದ ಜಾಗದಲ್ಲಿ 59 ಸೇತುವೆ ಯಾಕೆ ಬೇಕು ಅಂತ ಅರ್ಥ ಆಗಲಿಲ್ಲ.

ಕೆಸುವಿನೆಲೆ

@ರಜೆರಾಜ ದ್ವೀಪ ಅದೇ, ಊರು ಬೇರೆ, ಹವೆ ಪೂರ್ತಿ ಉಲ್ಟಾ. 2023ರ ಆಗಸ್ಟ್ 8ರಂದು ಸುಟ್ಟದ್ದು ಲಹೈನಾ, ಪಶ್ಚಿಮ ತೀರದ್ದು. ಸುಮಾರು ನೂರು ಜನ ಸತ್ತರು. ಹವಾಯಿಯಲ್ಲಿ ವರ್ಷದ ಹೆಚ್ಚಿನ ಕಾಲ ಗಾಳಿ ಈಶಾನ್ಯದಿಂದ ಬೀಸುತ್ತದೆ. ಸಮುದ್ರದ ತೇವ ಹೊತ್ತು ಬಂದ ಆ ಗಾಳಿಗೆ ಪೂರ್ವ ಮೌಯಿಯಲ್ಲಿ 3,055 ಮೀಟರ್ ಎತ್ತರದ ಹಲೆಯಾಕಲಾ ಪರ್ವತ ಅಡ್ಡ ನಿಂತಿದೆ. ಮೋಡ ಮೇಲೇರಿ ತಣ್ಣಗಾಗಿ ಹಾನಾ ಕಡೆಯ ಇಳಿಜಾರಿನಲ್ಲೇ ಮಳೆ ಸುರಿಸಿಬಿಡುತ್ತದೆ. ಹಾನಾದ ಮೇಲಿನ ಕಾಡಿನಲ್ಲಿ ಒಂದು ಜೌಗು ಜಾಗದಲ್ಲಿ ವರ್ಷಕ್ಕೆ ಸರಾಸರಿ 10 ಮೀಟರ್ ಮಳೆ. ಮಿಲಿಮೀಟರ್ ಅಲ್ಲ, ಮೀಟರ್! ಪಶ್ಚಿಮದ ಲಹೈನಾಗೆ ತಲುಪುವಷ್ಟರಲ್ಲಿ ಗಾಳಿ ಒಣಗಿರುತ್ತದೆ.

ಹಾನಾ ಬಗ್ಗೆ ಒಂದು ಹಳೇ ಮಾತಿದೆ, ಅಲ್ಲಿ ಆಕಾಶ ತಗ್ಗಿನಲ್ಲಿದೆ ಅಂತ. ಮಳೆಮೋಡ ತಲೆಗೆ ತಾಗುವ ಹಾಗೆ ಇಳಿದಿರುತ್ತದಲ್ಲ, ಅದಕ್ಕೆ. ಮಾವಿ ಅನ್ನೋ ಪುರಾಣದ ವೀರ ಕೌಯಿಕಿ ಗುಡ್ಡದ ಮೇಲೆ ನಿಂತು ಆಕಾಶವನ್ನು ಮೇಲಕ್ಕೆ ತಳ್ಳಿದ ಅಂತಲೂ ಕಥೆ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಕಡಲಕಾಗೆಯವರು ಯುದ್ಧದ ಕಡೆಯಿಂದ ಹೇಳಿದ್ದು ಚೆನ್ನಾಗಿದೆ, ಆದರೆ ಹೊಟ್ಟೆಯನ್ನು ಮರೆತಿದ್ದಾರೆ. ದೋಣಿ ಎಳೆಯಲು ಜಾಗ ಇದ್ದರೆ ಸಾಲದು, ಸಾವಿರಾರು ಜನರ ಸೈನ್ಯಕ್ಕೆ ಊಟ ಬೇಕು. ಹಾನಾ ಸುತ್ತ ನೀರಿತ್ತು, ಹಾಗಾಗಿ ಕೆಸು ಇತ್ತು. ಕೆಸುವಿನ ಗೆಡ್ಡೆ ಬೇಯಿಸಿ ಅರೆದು ಮಾಡುವ ಪೋಯಿ ಅಲ್ಲಿಯವರ ಮುಖ್ಯ ಊಟ. ಜೊತೆಗೆ ಗೆಣಸು, ಬಾಳೆ, ಜೀಗುಜ್ಜೆ, ಮೀನು. ಹಾನಾಗೆ ಅರ್ಧ ದಾರಿಯಲ್ಲಿ ಕೆಯನಾಯಿ ಅಂತ ಒಂದು ಜಾಗ ಇದೆ, ಲಾವಾ ಹರಿದು ಸಮುದ್ರದೊಳಗೆ ನಾಲಿಗೆ ಚಾಚಿದ ಹಾಗೆ. ಮೊದಲು ಅದು ಬರೀ ಕಲ್ಲು. ಅಲ್ಲಿನ ಒಬ್ಬ ಒಡೆಯ ಜನರ ಕೈಯಲ್ಲಿ ಬುಟ್ಟಿ ಬುಟ್ಟಿ ಮಣ್ಣು ಹೊರಿಸಿ ಆ ಕಲ್ಲಿನ ಮೇಲೆ ಗದ್ದೆ ಮಾಡಿಸಿದ ಅಂತ ಹೇಳುತ್ತಾರೆ. ಇವತ್ತಿಗೂ ಅಲ್ಲಿ ಕೆಸುವಿನ ಗದ್ದೆಗಳಿವೆ.

ಅದೇ ನೀರಿಗೆ ಆಮೇಲೆ ಬೇರೆಯವರ ಕಣ್ಣು ಬಿತ್ತು. ಸಕ್ಕರೆ ಕಂಪನಿಗಳದ್ದು. ಮೌಯಿಯ ನಡುವಿನ ಬಯಲು ಒಣ, ಬಿಸಿಲು ಜೋರು. ಕಬ್ಬಿಗೆ ಬಿಸಿಲು ಬೇಕು, ನೀರೂ ಬೇಕು. ನೀರು ಇದ್ದದ್ದು ಪೂರ್ವದ ಕಾಡಿನಲ್ಲಿ. 1876ರಿಂದ 1878ರವರೆಗೆ ಅಲೆಕ್ಸಾಂಡರ್ ಮತ್ತು ಬಾಲ್ಡ್‌ವಿನ್ ಅನ್ನೋ ಇಬ್ಬರು ಪಾಲುದಾರರು ಮೊದಲ ಕಾಲುವೆ ತೋಡಿಸಿದರು. ಬಾಲ್ಡ್‌ವಿನ್ ಆಗಷ್ಟೇ ಗಾಣದ ರೋಲರಿಗೆ ಸಿಕ್ಕಿ ಒಂದು ಕೈ ಕಳೆದುಕೊಂಡಿದ್ದ. ಮಲಿಕೋ ಅನ್ನೋ ಕಮರಿಯಲ್ಲಿ ಹಗ್ಗ ಹಿಡಿದು ಇಳಿಯಲು ಕೂಲಿಗಳು ಒಪ್ಪದಿದ್ದಾಗ ಅವನು ಒಂದೇ ಕೈಯಲ್ಲಿ ಹಗ್ಗ ಹಿಡಿದು ಇಳಿದು ತೋರಿಸಿದನಂತೆ. ಧೈರ್ಯ ಮೆಚ್ಚಬೇಕು, ಆದರೆ ನೀರು ಯಾರದು ಅನ್ನೋ ಪ್ರಶ್ನೆ ಆ ಹಗ್ಗದ ಜೊತೆ ಇಳಿಯಲಿಲ್ಲ. ಮುಂದಿನ ಐವತ್ತು ವರ್ಷದಲ್ಲಿ ಕಾಲುವೆಗಳ ಸಾಲೇ ಆಯಿತು, ಹೆಚ್ಚಿನ ಭಾಗ ಗುಡ್ಡ ಕೊರೆದ ಸುರಂಗ. ಪೂರ್ವದ ಎಷ್ಟೋ ಹೊಳೆ ಬತ್ತಿಹೋದವು. ಕೆಸು ಬೆಳೆಯುವವರು ದಶಕಗಟ್ಟಲೆ ಹೋರಾಡಿದರು. ಮೌಯಿಯ ಕೊನೆಯ ಸಕ್ಕರೆ ಕಾರ್ಖಾನೆ 2016ರಲ್ಲಿ ಮುಚ್ಚಿತು. 2018ರಲ್ಲಿ ರಾಜ್ಯದ ಜಲ ಆಯೋಗ ಹಲವು ಹೊಳೆಗಳಲ್ಲಿ ಮತ್ತೆ ನೀರು ಹರಿಯಲಿ ಅಂತ ಆದೇಶ ಕೊಟ್ಟಿತು.

ಹಾನಾ ಊರಿನಲ್ಲೂ ಕಬ್ಬು ಇತ್ತು. 1849ರಲ್ಲಿ ಜಾರ್ಜ್ ವಿಲ್ಫಾಂಗ್ ಅನ್ನೋ ನಾವಿಕ ಅಲ್ಲಿ ಕಬ್ಬು ಹಾಕಿದ. ತಿಮಿಂಗಿಲದ ಕೊಬ್ಬು ಕರಗಿಸಲು ಹಡಗಿನಲ್ಲಿ ಇಟ್ಟುಕೊಳ್ಳುತ್ತಿದ್ದ ಕಬ್ಬಿಣದ ಕೊಪ್ಪರಿಗೆಗಳಲ್ಲೇ ಕಬ್ಬಿನ ಹಾಲು ಕಾಯಿಸಿದ. 1860ರ ದಶಕದಲ್ಲಿ ಉನ್ನಾ ಅನ್ನೋ ಇಬ್ಬರು ಡೇನಿಷ್ ಅಣ್ಣತಮ್ಮಂದಿರು ತೋಟ ದೊಡ್ಡದು ಮಾಡಿದರು. ಕೆಲಸಕ್ಕೆ ಚೀನಾ, ಜಪಾನ್, ಪೋರ್ಚುಗಲ್, ಆಮೇಲೆ ಫಿಲಿಪೈನ್ಸ್‌ನಿಂದ ಜನ ಬಂದರು. ಅಂದರೆ ಯುದ್ಧ ಮುಗಿದ ತಕ್ಷಣ ಹಾನಾ ಸಣ್ಣದಾಯಿತು ಅನ್ನೋದನ್ನು ನಾನು ಒಪ್ಪುವುದಿಲ್ಲ. ಸಕ್ಕರೆ ಇದ್ದಷ್ಟು ದಿನ ಅದು ಕೆಲಸ ಇದ್ದ ಊರು, ಜಹಜು ಬಂದು ಹೋಗುತ್ತಿದ್ದ ಊರು. ಖಾಲಿಯಾದದ್ದು 1940ರ ದಶಕದಲ್ಲಿ ಗಿರಣಿ ನಿಂತ ಮೇಲೆ.

ತಿರುವುಮುರುವು

ಆ ರಸ್ತೆಯಲ್ಲಿ ಹೋಗಿ ಬಂದವನು ನಾನು, ಅದಕ್ಕೆ ಹೆಸರು ಹೀಗಿದೆ 😄

ರಸ್ತೆ ಬಗ್ಗೆ ಎರಡು ಮಾತು. ಮೊದಲ ರಸ್ತೆ ಈಗಿನದ್ದಲ್ಲ. ಕಡಲಕಾಗೆ ಹೇಳಿದ ಕಥೆಯ ಕಿಹಪಿಯಿಲನಿ ಗೆದ್ದ ಮೇಲೆ ದ್ವೀಪದ ಸುತ್ತ ಕಲ್ಲು ಹಾಸಿದ ಕಾಲುದಾರಿ ಮಾಡಿಸಿದ. ಹಾನಾ ಪಕ್ಕದ ವೈಯಾನಪನಪ ಉದ್ಯಾನದಲ್ಲಿ ಅದರ ಒಂದು ತುಂಡು ಇನ್ನೂ ಇದೆ. ನಾನು ಅದರ ಮೇಲೆ ನಡೆದೆ. ಚೂಪು ಲಾವಾ ಕಲ್ಲುಗಳ ನಡುವೆ ನುಣುಪಾದ ಚಪ್ಪಟೆ ಕಲ್ಲು ಸಾಲಾಗಿ ಇಟ್ಟಿದ್ದಾರೆ, ಪಕ್ಕದಲ್ಲೇ ಅಲೆ ಬಡಿಯುತ್ತಿರುತ್ತದೆ. ಚಪ್ಪಲಿ ಹಾಕಿದ್ದರೂ ಎಚ್ಚರಿಕೆಯಿಂದ ಕಾಲಿಡಬೇಕು, ಬರಿಗಾಲಲ್ಲಿ ಓಡಾಡಿದವರು ಹೇಗೆ ಓಡಾಡಿದರೋ.

ಈಗಿನ ರಸ್ತೆ 1926ರಲ್ಲಿ ಜಲ್ಲಿ ರಸ್ತೆಯಾಗಿ ಪೂರ್ತಿಯಾಯಿತು. ಅದಕ್ಕೂ ಮುಂಚೆ ಜನ, ಸಾಮಾನು ಎಲ್ಲ ಹೆಚ್ಚಾಗಿ ಹಡಗಿನಲ್ಲೇ. ರಸ್ತೆ ಮಾಡಿದವರಲ್ಲಿ ಕೈದಿಗಳೂ ಇದ್ದರು. ಕೆಯನಾಯಿಯಲ್ಲಿ ಅವರನ್ನು ಇಟ್ಟಿದ್ದ ಶಿಬಿರದ ಜಾಗದಲ್ಲಿ ಈಗ ಮಕ್ಕಳು, ಪ್ರವಾಸಿಗಳು ತಂಗುವ ಶಿಬಿರ ನಡೆಯುತ್ತದೆ. ಇಷ್ಟೊಂದು ತಿರುವು ಯಾಕೆ ಅಂದರೆ, ಮಳೆ ನೀರು ಪರ್ವತವನ್ನು ಕೊರೆದು ಕೊರೆದು ಕಮರಿ ಮಾಡಿದೆ. ರಸ್ತೆ ಪ್ರತಿ ಕಮರಿಯ ಒಳಕ್ಕೆ ಹೋಗಿ, ಹೊಳೆ ಕಿರಿದಾಗಿರುವ ಕಡೆ ಚಿಕ್ಕ ಸೇತುವೆ ಮೇಲೆ ದಾಟಿ, ಮತ್ತೆ ಹೊರಕ್ಕೆ ಬರುತ್ತದೆ. ಒಳಕ್ಕೆ, ಹೊರಕ್ಕೆ, ಒಳಕ್ಕೆ, ಹೊರಕ್ಕೆ. ಒಂದು ಗಂಟೆಯಾದ ಮೇಲೆ ನನ್ನ ಹೆಂಡತಿ ಮಾತಾಡುವುದನ್ನೇ ನಿಲ್ಲಿಸಿದಳು, ನಾನು ಜಗಳ ಅಂದುಕೊಂಡೆ, ಆಮೇಲೆ ನೋಡಿದರೆ ಪಾಪ ಹೊಟ್ಟೆ ತೊಳಸುತ್ತಿತ್ತು.

ಹೋಗುವವರಿಗೆ ಒಂದು ಮಾತು, ಒಂಟಿ ಸೇತುವೆ ಹತ್ತಿರ ಆ ಕಡೆಯವರಿಗೆ ದಾರಿ ಬಿಡಿ. ನಿಮ್ಮ ಹಿಂದೆ ಅಲ್ಲಿಯದೇ ಗಾಡಿ ಬಂದರೆ ಬದಿಗೆ ನಿಲ್ಲಿಸಿ ಮುಂದೆ ಕಳಿಸಿ. ನಿಮಗೆ ಅದು ಪ್ರವಾಸ, ಅವರಿಗೆ ಅದು ಆಸ್ಪತ್ರೆಗೆ, ಕೆಲಸಕ್ಕೆ ಹೋಗುವ ದಾರಿ. ವೈಯಾನಪನಪಕ್ಕೆ ಹೊರಗಿನವರು ಈಗ ಮೊದಲೇ ಬುಕ್ ಮಾಡಬೇಕು. ಮೂರು ಕಾರಿನವರು ಬಾಗಿಲಿನಿಂದಲೇ ವಾಪಸ್ ಹೋದದ್ದನ್ನು ಕಣ್ಣಾರೆ ನೋಡಿದೆ.

ಅಲ್ಲಿನ ಮರಳು ಕಪ್ಪು. ಬಿಸಿ ಲಾವಾ ಸಮುದ್ರಕ್ಕೆ ಬಿದ್ದು ಸಿಡಿದು ಪುಡಿಯಾದದ್ದು, ಆಮೇಲೆ ಅಲೆ ತೀಡಿದ್ದು. ಕೌಯಿಕಿ ಗುಡ್ಡದ ಬುಡದ ಕೈಹಲುಲು ದಂಡೆಯ ಮರಳು ಕೆಂಪು, ಯಾಕೆಂದರೆ ಆ ಗುಡ್ಡದ ಕಿಟ್ಟದಲ್ಲಿ ಕಬ್ಬಿಣ ಜಾಸ್ತಿ, ತುಕ್ಕು ಹಿಡಿದು ಕೆಂಪಾಗಿದೆ. ಅಲ್ಲಿಗೆ ಇಳಿಯುವ ದಾರಿ ಕುಸಿಯುತ್ತಾ ಇದೆ. ನಾನು ಇಳಿಯಲಿಲ್ಲ, ನೀವೂ ಇಳಿಯಬೇಡಿ.

ಎಲ್ಲಕ್ಕಿಂತ ನನ್ನನ್ನು ನಿಲ್ಲಿಸಿದ್ದು ಪಿಯಿಲನಿಹಲೆ. ಪಿಯಿಲನಿಯ ಮನೆ ಅಂತ ಅರ್ಥ. ಅದೊಂದು ಹೆಯಾವು, ಅಂದರೆ ಹಳೇ ದೇವಸ್ಥಾನದ ಜಗಲಿ. ಗಾರೆ ಇಲ್ಲ, ಸುಣ್ಣ ಇಲ್ಲ, ಲಾವಾ ಕಲ್ಲಿನ ಮೇಲೆ ಕಲ್ಲು ಹೊಂದಿಸಿ ಕಟ್ಟಿದ್ದು. ಒಂದು ಬದಿಯ ಗೋಡೆ ಸುಮಾರು 15 ಮೀಟರ್ ಎತ್ತರ ಇದೆ. ಜಗಲಿ ಎಷ್ಟು ದೊಡ್ಡದು ಅಂದರೆ, ಒಂದು ಕಡೆ 100 ಮೀಟರಿಗೂ ಹೆಚ್ಚು, ಇನ್ನೊಂದು ಕಡೆ 125ರ ಹತ್ತಿರ. ಪಾಲಿನೇಷಿಯಾದಲ್ಲೇ ಅತಿ ದೊಡ್ಡದು ಅಂತ ಹೇಳುತ್ತಾರೆ. ಮೇಲೆ ಹತ್ತಲು ಬಿಡುವುದಿಲ್ಲ, ಕೆಳಗೆ ನಿಂತು ನೋಡಬೇಕು, ಅದೇ ಸರಿ. ಈಗ ಅದು ಕಹನು ಅನ್ನೋ ಸಸ್ಯೋದ್ಯಾನದೊಳಗೆ ಇದೆ. ಪಕ್ಕದಲ್ಲೇ ಜೀಗುಜ್ಜೆಯ ತೋಪು, ಪೆಸಿಫಿಕ್‌ನ ಹಲವಾರು ದ್ವೀಪಗಳಿಂದ ತಂದ ತಳಿಗಳು, ಜಗತ್ತಿನಲ್ಲಿ ಇಷ್ಟು ತಳಿ ಒಂದೇ ಕಡೆ ಬೇರೆಲ್ಲೂ ಇಲ್ಲವಂತೆ. @ಭೂಪಟಪ್ರಿಯ, ಹಾನಾ ಯಾಕೆ ಮುಖ್ಯ ಅಂತ ಕೇಳಿದಿರಲ್ಲ, ಆ ಗೋಡೆ ಮುಂದೆ ಐದು ನಿಮಿಷ ನಿಂತರೆ ಸಾಕು. ಅಷ್ಟು ಕಲ್ಲು ಹೊರಲು ಎಷ್ಟು ಜನ ಬೇಕು, ಅವರಿಗೆ ಊಟ ಹಾಕಲು ಎಷ್ಟು ಗದ್ದೆ ಬೇಕು, ಲೆಕ್ಕ ಹಾಕಿ.

ಸಪ್ಪೆಸಾರು

ಜಾಹೀರಾತು ಥರದ ಉತ್ತರ ಬೇಡ ಅಂದಿರಲ್ಲ, ನಾನು ಆ ಜಾಹೀರಾತು ಎಲ್ಲಿಂದ ಬಂತು ಅಂತಲೇ ಹೇಳುತ್ತೇನೆ.

'ಯಾರೂ ಮುಟ್ಟದ ಸ್ವರ್ಗ' ಅಂತ ಹಾನಾ ಬಗ್ಗೆ ಎಲ್ಲರೂ ಬರೆಯುತ್ತಾರೆ. ಮುಟ್ಟಿದ್ದಾರೆ ಸ್ವಾಮಿ, ಚೆನ್ನಾಗಿಯೇ ಮುಟ್ಟಿದ್ದಾರೆ. 1944ರಲ್ಲಿ ಪಾಲ್ ಫೇಗನ್ ಅನ್ನೋ ಸ್ಯಾನ್ ಫ್ರಾನ್ಸಿಸ್ಕೋದ ಶ್ರೀಮಂತ ಹಾನಾ ಸುತ್ತ ಸುಮಾರು 14,000 ಎಕರೆ ಕೊಂಡುಕೊಂಡ. ಕಬ್ಬಿನ ಗದ್ದೆ ಹೋಗಿ ಹುಲ್ಲುಗಾವಲಾಯಿತು. ಮೊಲೊಕಾಯಿ ದ್ವೀಪದ ತನ್ನ ಜಾನುವಾರು ಫಾರ್ಮಿನಿಂದ ದನ ತಂದು ಬಿಟ್ಟ. ಗಿರಣಿ ನಿಂತು ಕೆಲಸ ಹೋದವರಿಗೆ ಒಂದಿಷ್ಟು ಕೆಲಸ ಸಿಕ್ಕಿತು, ಅದನ್ನು ಇಲ್ಲ ಅನ್ನಲಾರೆ. 1946ರಲ್ಲಿ ಹೋಟೆಲ್ ತೆರೆದ.

ಆ ಹೋಟೆಲಿನ ಹೆಸರು ಹಬ್ಬಿಸಿದ್ದು ಬೇಸ್‌ಬಾಲ್! ಸ್ಯಾನ್ ಫ್ರಾನ್ಸಿಸ್ಕೋ ಸೀಲ್ಸ್ ಅನ್ನೋ ತಂಡಕ್ಕೆ ಇದೇ ಫೇಗನ್ ಒಬ್ಬ ಮಾಲೀಕ. ಅದೇ 1946ರಲ್ಲಿ ತಂಡವನ್ನು ತರಬೇತಿಗೆ ಹಾನಾಗೆ ಕರೆತಂದ. ತಂಡದ ಹಿಂದೆ ಪತ್ರಕರ್ತರೂ ಬಂದರು. ಸಮುದ್ರ, ತೆಂಗು, ಊಟ ನೋಡಿ ಮರುಳಾಗಿ 'ಸ್ವರ್ಗದಂಥ ಹಾನಾ' ಅಂತ ಬರೆದರು. ಆ ಹೆಸರು ಅಂಟಿಕೊಂಡೇ ಬಿಟ್ಟಿತು. ಊರಿನ ಮೇಲಿನ ಗುಡ್ಡದಲ್ಲಿ ಲಾವಾ ಕಲ್ಲಿನ ಒಂದು ದೊಡ್ಡ ಶಿಲುಬೆ ಕಾಣುತ್ತದಲ್ಲ, ಅದು ಫೇಗನ್ ನೆನಪಿಗೆ ಕಟ್ಟಿದ್ದು.

ಹಾನಾ ದಾಟಿ ಕೀಪಹುಲು ಕಡೆ ಹೋದರೆ ಓಹೆಯೋ ಅನ್ನೋ ಹೊಳೆ. ಮೆಟ್ಟಿಲು ಮೆಟ್ಟಿಲಾಗಿ ನೀರಿನ ಗುಂಡಿಗಳಿವೆ. ಪ್ರವಾಸಿಗಳು ಅದನ್ನು 'ಏಳು ಪವಿತ್ರ ಕೊಳ' ಅನ್ನುತ್ತಾರೆ. ಅವು ಏಳೂ ಅಲ್ಲ, ಏಳಕ್ಕಿಂತ ತುಂಬಾ ಜಾಸ್ತಿ. ಆ ಹೆಸರು ಹೋಟೆಲಿನವರು ಗಿರಾಕಿಗಳಿಗಾಗಿ ಹುಟ್ಟಿಸಿದ್ದು. ರಸ್ತೆ ಪಕ್ಕದ ದಟ್ಟ ಕಾಡೂ ಅಷ್ಟೇ, ಬಿದಿರು, ಸೀಬೆ, ಮಾವು, ಎಷ್ಟೋ ಗಿಡ ಹೊರಗಿನಿಂದ ಬಂದು ಹಬ್ಬಿದ್ದು. ಅದನ್ನು ನೋಡಿ 'ಆದಿಕಾಲದ ಕಾಡು' ಅಂತ ಫೋಟೋ ಹಾಕುತ್ತಾರೆ.

1946 ಅಂದಾಗ ಸ್ವರ್ಗದ ಮಾತು ಮಾತ್ರ ಬರೆಯುತ್ತಾರೆ. ಆ ವರ್ಷ ಏಪ್ರಿಲ್ 1ರ ಬೆಳಗ್ಗೆ ದೂರದ ಅಲ್ಯೂಷಿಯನ್ ದ್ವೀಪಗಳ ಹತ್ತಿರ ಸಮುದ್ರದಡಿ ಭೂಕಂಪ ಆಗಿ ಸುನಾಮಿ ಬಂತು. ಹವಾಯಿಯಲ್ಲಿ ಒಟ್ಟು 159 ಜನ ಸತ್ತರು, ಹೆಚ್ಚಿನವರು ದೊಡ್ಡ ದ್ವೀಪದ ಹೀಲೋ ಊರಿನಲ್ಲಿ. ಹಾನಾ ಪಕ್ಕದ ಹಮೋವಾದಲ್ಲೂ ಮನೆ ಮಠ ಕೊಚ್ಚಿಹೋಗಿ ಜನ ಸತ್ತರು. ಕೆಯನಾಯಿಯಲ್ಲಿ ಊರು ಹೋಯಿತು, 1860ರ ಕಲ್ಲಿನ ಚರ್ಚ್ ಮಾತ್ರ ನಿಂತಿತು. ಮುನ್ಸೂಚನೆ ಕೊಡುವ ವ್ಯವಸ್ಥೆ ಆಗ ಇರಲೇ ಇಲ್ಲ. 1949ರಲ್ಲಿ ಪೆಸಿಫಿಕ್‌ಗೆ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾದದ್ದು ಈ ಪೆಟ್ಟು ತಿಂದ ಮೇಲೆ.

ಹಾನಾ ಸಣ್ಣದಾಗಿ ಉಳಿದದ್ದಕ್ಕೆ ಕಾರಣ ಅದೃಷ್ಟವೂ ಅಲ್ಲ, ಪ್ರಕೃತಿಯೂ ಅಲ್ಲ. ನೆಲ ಕೆಲವೇ ಕೈಗಳಲ್ಲಿ ಇತ್ತು. ಒಬ್ಬನೇ ಮಾಲೀಕ ಒಂದೇ ಹೋಟೆಲ್ ಸಾಕು ಅಂದರೆ ಒಂದೇ ಹೋಟೆಲ್. ಇನ್ನು ಆ ರಸ್ತೆ, ಅದು ಉಳಿದವರನ್ನು ತಡೆಯಿತು.

ತಿರುವುಮುರುವು

@ಸಪ್ಪೆಸಾರು ನಿಮ್ಮ ಸಾರು ಅಷ್ಟೇನೂ ಸಪ್ಪೆ ಅಲ್ಲ! ಒಪ್ಪುತ್ತೇನೆ, ಆದರೆ ಆ ದೂರವೇ ಬೇಕು ಅಂತ ಬಂದವರೂ ಇದ್ದಾರೆ. 1927ರಲ್ಲಿ ಒಬ್ಬನೇ ವಿಮಾನ ಹಾರಿಸಿ ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಹೋದ ಚಾರ್ಲ್ಸ್ ಲಿಂಡ್‌ಬರ್ಗ್ ಕೊನೆಗೆ ಮನೆ ಮಾಡಿದ್ದು ಕೀಪಹುಲುವಿನಲ್ಲಿ. ಕಾಯಿಲೆ ವಾಸಿಯಾಗುವುದಿಲ್ಲ ಅಂತ ಗೊತ್ತಾದ ಮೇಲೆ ನ್ಯೂಯಾರ್ಕಿನ ಆಸ್ಪತ್ರೆ ಬಿಟ್ಟು ಅಲ್ಲಿಗೇ ಬಂದ. 1974ರ ಆಗಸ್ಟಿನಲ್ಲಿ ತೀರಿಕೊಂಡ. ಒಂದು ಪುಟ್ಟ ಚರ್ಚಿನ ಹಿಂದೆ, ಸಮುದ್ರದ ಮೇಲಿನ ದಿಬ್ಬದಲ್ಲಿ ಸಮಾಧಿ. ಸಾದಾ ಕಲ್ಲು, ಮೇಲೆ ಗುಂಡು ಕಲ್ಲುಗಳು, ಅಷ್ಟೇ. ಜಗತ್ತಿಡೀ ಗುರುತು ಹಿಡಿಯುತ್ತಿದ್ದ ಮನುಷ್ಯನಿಗೆ ಯಾರೂ ಸುಲಭವಾಗಿ ಬರಲಾರದ ಜಾಗ ಯಾಕೆ ಬೇಕಿತ್ತು ಅಂತ ಅಲ್ಲಿ ನಿಂತಾಗ ಅರ್ಥವಾಯಿತು.

ಭೂಪಟಪ್ರಿಯ

ಎಲ್ಲರಿಗೂ ದೊಡ್ಡ ನಮಸ್ಕಾರ. ದೋಣಿಯಲ್ಲಿ ಕೂತು ಭೂಪಟ ನೋಡಿ ಅಂದದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಹಾನಾ ಅಲ್ಲೇ ಇತ್ತು, ದಾರಿ ಮಾತ್ರ ನೀರಿನಿಂದ ನೆಲಕ್ಕೆ ಬಂತು. ಆದರೆ ಕಡಲಕಾಗೆ ಮತ್ತು ಕೆಸುವಿನೆಲೆ ಇಬ್ಬರ ಲೆಕ್ಕದಲ್ಲೂ ಅರ್ಧರ್ಧ ಸರಿ ಇದೆ ಅನ್ನಿಸುತ್ತದೆ, ಜಗಳ ಮುಂದುವರಿಸಿ, ನಾನು ಓದುತ್ತಾ ಇರುತ್ತೇನೆ.

ಎರಡು ಸಣ್ಣ ಪ್ರಶ್ನೆ ಉಳಿದಿದೆ. ಆ ರಾಣಿಯ ಬಗ್ಗೆ ಯಾರೂ ಹೇಳಲೇ ಇಲ್ಲ. ಇನ್ನೊಂದು, ಆ ಮರದ ಬೊಂಬೆಯ ಗುಟ್ಟು ರಟ್ಟಾದದ್ದು ಹೇಗೆ? ಕಥೆ ಅರ್ಧಕ್ಕೇ ಬಿಟ್ಟುಬಿಟ್ಟಿರಿ.

ಕೆಸುವಿನೆಲೆ

ರಾಣಿ ನನ್ನ ಪಾಲು. ಹೆಸರು ಕಾಹುಮನು. ಸುಮಾರು 1768ರಲ್ಲಿ ಕೌಯಿಕಿ ಗುಡ್ಡದ ಒಂದು ಗುಹೆಯಲ್ಲಿ ಹುಟ್ಟಿದಳು ಅಂತ ಹೇಳುತ್ತಾರೆ. ಅಂದರೆ ಹಾನಾ ಪಕ್ಕದ ದ್ವೀಪದವರ ಕೈಯಲ್ಲಿ ಇದ್ದ ಕಾಲ. ಮುಂದೆ ಕಮೇಹಮೇಹನಿಗೆ ಬಹಳ ಬೇಕಾದ ಹೆಂಡತಿಯಾದಳು. 1819ರಲ್ಲಿ ಅವನು ಸತ್ತ ಮೇಲೆ, ಗಂಡನ ಇಷ್ಟದ ಪ್ರಕಾರ ರಾಜ್ಯದಲ್ಲಿ ನನಗೂ ಪಾಲಿದೆ ಅಂತ ಹೊಸ ರಾಜನ ಎದುರು ನಿಂತು ಹೇಳಿದಳು. ಹೊಸ ರಾಜ ಲಿಹೊಲಿಹೊ, ಸಣ್ಣ ವಯಸ್ಸಿನವನು.

ಆಗ ಕಪು ಅನ್ನೋ ಕಟ್ಟುಪಾಡು ಇತ್ತು. ಹೆಂಗಸರು ಗಂಡಸರ ಜೊತೆ ಕೂತು ಊಟ ಮಾಡುವ ಹಾಗಿಲ್ಲ. ಹಂದಿ ಮಾಂಸ, ತೆಂಗಿನಕಾಯಿ, ಬಹಳ ಜಾತಿಯ ಬಾಳೆಹಣ್ಣು ಹೆಂಗಸರು ತಿನ್ನುವ ಹಾಗಿಲ್ಲ, ತಪ್ಪಿದರೆ ಜೀವಕ್ಕೇ ಕುತ್ತು. ಅದೇ 1819ರ ನವೆಂಬರಿನಲ್ಲಿ ಕಾಹುಮನು ಮತ್ತು ರಾಜನ ತಾಯಿ ಕೆಯೊಪುವೊಲನಿ ಸೇರಿ ರಾಜನನ್ನು ಒಪ್ಪಿಸಿದರು. ಅವನು ಎಲ್ಲರ ಎದುರು ಹೆಂಗಸರ ಪಂಕ್ತಿಯಲ್ಲಿ ಕೂತು ಉಂಡ. ಒಂದು ಊಟಕ್ಕೆ ಹಳೇ ವ್ಯವಸ್ಥೆ ಮುರಿದು ಬಿತ್ತು, ಕ್ರೈಸ್ತ ಪಾದ್ರಿಗಳ ಮೊದಲ ಹಡಗು ಬರುವುದಕ್ಕೂ ಮುಂಚೆ. 1832ರಲ್ಲಿ ಸಾಯುವವರೆಗೂ ಅಧಿಕಾರ ಅವಳ ಕೈಯಲ್ಲೇ ಇತ್ತು. ಕೌಯಿಕಿ ಬದಿಯಲ್ಲಿ ಅವಳ ಹೆಸರಿನ ಒಂದು ಫಲಕ ಇದೆ.

ಕಡಲಕಾಗೆ

ಬೊಂಬೆ ನನ್ನ ಪಾಲು, ಹಾಗಾದರೆ.

ಉಮಿಗೆ ಪೀಮಯಿವಾ ಅಂತ ಒಬ್ಬ ಸಾಕುಮಗ, ಗಟ್ಟಿ ಆಳು. ಎಲ್ಲರೂ ಹೆದರಿ ವಾಪಸ್ ಬರುವುದನ್ನು ನೋಡಿ ಇವನಿಗೆ ಏನೋ ಅನುಮಾನ ಬಂತು. ಒಂದು ರಾತ್ರಿ ಒಬ್ಬನೇ ಏಣಿಯ ಬುಡಕ್ಕೆ ಹೋದ. ಮೇಲೆ ನೋಡಿದರೆ ಅದೇ ದೈತ್ಯ, ಅದೇ ಆಯುಧ. ಇವನು ಕೆಳಗಿನಿಂದಲೇ ತನ್ನ ಆಯುಧ ಎತ್ತಿ ಝಳಪಿಸಿದ. ಆ ಕಡೆಯಿಂದ ಏನೂ ಇಲ್ಲ. ಒಂದೊಂದೇ ಮೆಟ್ಟಿಲು ಹತ್ತಿದ, ಆಗಲೂ ಇಲ್ಲ. ಹತ್ತಿರ ಹೋಗಿ ಒಂದು ಬಾರಿಸಿದ ನೋಡಿ, ಟೊಕ್ ಅಂತ ಮರದ ಸದ್ದು! ಬೊಂಬೆ ಇದೆಯಲ್ಲ ಅಂತ ಧೈರ್ಯದಿಂದ ನಿಜವಾದ ಕಾವಲುಗಾರರೆಲ್ಲ ಹಿಂದೆ ಗೊರಕೆ ಹೊಡೆಯುತ್ತಿದ್ದರು.